ಸತ್ತವರ ಸಾಲಿನ ಚಮಚ

ಪ್ರಿಪ್ಯಾತ್ ನದಿಯ ಜೌಗಿನ ಜನ ಅಂಗಿಯಿಲ್ಲದೆ ಬೇಕಾದರೂ ಮನೆಯಿಂದ ಹೊರಡುತ್ತಾರೆ, ನಡುಪಟ್ಟಿಯಿಲ್ಲದೆ ಮಾತ್ರ ಹೊರಡುವುದಿಲ್ಲ. ಪಟ್ಟಿ ಕಟ್ಟದ ನಡು ಅಗುಳಿ ಹಾಕದ ಬಾಗಿಲಿದ್ದಂತೆ. ಜೌಗಿನಲ್ಲಿರುವ ಯಾವುದು ಬೇಕಾದರೂ ಒಳಗೆ ನುಗ್ಗಬಹುದು. ಇದೆಲ್ಲ ಗೊತ್ತಿದ್ದೂ ಯಾರ್ಮೊಲಾ ತನ್ನ ಮದುವೆಯ ದಿನವೇ ಬುದ್ಧಿಗೇಡಿಯಾದ. ಹುಡುಗಿ ತಾನು ನೇಯ್ದ ಹೊಸ ಪಟ್ಟಿಯನ್ನು ಅವಳ ಮನೆಯ ಹೊಸ್ತಿಲಲ್ಲಿ ಕಟ್ಟುತ್ತಾಳಲ್ಲ, ಹಳೆಯದೇಕೆ ಎಂದು ಅದನ್ನು ಗೂಟಕ್ಕೆ ನೇತುಹಾಕಿ, ದಿಬ್ಬಣವನ್ನೂ ಹಿಂದೆ ಬಿಟ್ಟು ಒಬ್ಬನೇ ಓಡಿದ. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ. ಇವನ ಪ್ರೀತಿಗೆ ತಲೆಯೂ ಇರಲಿಲ್ಲ. ಜೌಗಿನ ಅಂಚಿನಲ್ಲಿ ಅವನ ಬಟ್ಟೆ ಸಿಕ್ಕಿತು. ಕೆಸರು ನುಂಗಿತು ಎಂದು ಊರು ತೀರ್ಮಾನ ಮಾಡಿತು.

ಮದುಮಗಳು ಉಲ್ಯಾನಾ ಅದನ್ನು ಒಪ್ಪಲಿಲ್ಲ. ಆ ಚಳಿಗಾಲದಲ್ಲೇ ಜೌಗಿನ ನಡುವಿನ ದಿಬ್ಬದಲ್ಲಿ ಅವಳು ಒಂದು ತೋಳವನ್ನು ಕಂಡಿದ್ದಳು. ಹೆದರಿ ಬಿಸಾಡಿದ ರೊಟ್ಟಿಯ ಮೆತ್ತನೆಯ ಒಳಭಾಗವನ್ನಷ್ಟೇ ತಿಂದು, ಗಟ್ಟಿ ಅಂಚನ್ನು ಅದು ಮೂತಿಯಿಂದ ಬದಿಗೆ ತಳ್ಳಿತು. ಹಾಗೆ ತಿನ್ನುವ ಗಂಡಸು ಆ ಊರಿನಲ್ಲಿ ಒಬ್ಬನೇ ಇದ್ದ.

ತೋಳವಾದವನ ನಡುವಿಗೆ ಪ್ರೀತಿಸಿದವಳು ತನ್ನ ಪಟ್ಟಿ ಕಟ್ಟಿದರೆ ಅವನು ಮನುಷ್ಯನಾಗುತ್ತಾನೆ ಎಂದು ಹಿಂದಿನವರು ಹೇಳುತ್ತಿದ್ದರು. ಹಗಲೆಲ್ಲ ನ್ಯಾಯ ಹೇಳಿ ಇರುಳಿಗೆ ತೋಳವಾಗಿ ಓಡುತ್ತಿದ್ದ ಹಳೆಯ ರಾಜನೊಬ್ಬನ ಕತೆಯ ಜೊತೆಗೇ ಈ ಮಾತೂ ಬಂದಿತ್ತು. ಉಲ್ಯಾನಾ ಮೂರು ವರ್ಷ ರೊಟ್ಟಿ ಹೊತ್ತಳು. ತೋಳ ಹತ್ತು ಹೆಜ್ಜೆಗಿಂತ ಹತ್ತಿರ ಬರಲಿಲ್ಲ.

ಈಗ ಕಾಲ ಮಿಂಚುತ್ತಿತ್ತು. ಹಿಂದಿನ ದಿನ ಮೊದಲ ಹಿಮ ಬಿದ್ದು ಜೌಗು ಕಲ್ಲಿನಂತೆ ಗಟ್ಟಿಯಾಗಿತ್ತು. ಕುರಿ ಕಳೆದುಕೊಂಡ ಊರಿನವರು ಇದನ್ನೇ ಕಾಯುತ್ತಿದ್ದರು. ಮಧ್ಯಾಹ್ನದ ಊಟ ಮುಗಿಸಿ ಈಟಿ ಹಿಡಿದು ತೋಳದ ಬೇಟೆಗೆ ಹೊರಡುವುದೆಂದು ಮಾತಾಗಿತ್ತು. ಉಲ್ಯಾನಾ ಬೆಳಿಗ್ಗೆಯೇ ದಿಬ್ಬಕ್ಕೆ ಹೋಗಿ ಮಂಡಿಯೂರಿ ಕೂತು ಅತ್ತಳು. ತೋಳ ಹತ್ತು ಹೆಜ್ಜೆಯನ್ನೂ ದಾಟಿ ಬಂದು ಅವಳ ಮಡಿಲಲ್ಲಿ ತಲೆಯಿಟ್ಟಿತು. ಮದುವೆಗೆಂದು ನೇಯ್ದಿದ್ದ ಕೆಂಪು ಪಟ್ಟಿಯನ್ನು ಅದರ ನಡುವಿಗೆ ಕಟ್ಟಿದಳು, ಹೆಸರು ಹಿಡಿದು ಕರೆದಳು. ಏನೂ ಆಗಲಿಲ್ಲ. ತೋಳ ತೋಳವಾಗಿಯೇ ಉಳಿಯಿತು.

ಆಗ ಅವಳಿಗೆ ಚಮಚ ನೆನಪಾಯಿತು. ಪ್ರತಿ ಶರತ್ಕಾಲದಲ್ಲಿ ಹಿರಿಯರ ಊಟದ ದಿನ ಯಾರ್ಮೊಲಾನ ತಾಯಿ ಹಾಪ್ಕಾ ಸತ್ತವರ ಸಾಲಿನಲ್ಲಿ ಮಗನ ಮರದ ಚಮಚವನ್ನೂ ಇಡುತ್ತಿದ್ದಳು. ಸತ್ತವರ ಪಂಕ್ತಿಯಲ್ಲಿ ಕೂರಿಸಿದವನನ್ನು ಪಟ್ಟಿ ಹೇಗೆ ಎಳೆದು ತಂದೀತು? ಅದೇ ಮೇಜಿನಲ್ಲಿ ತಾನೂ ಬಾಯಿ ಮುಚ್ಚಿಕೊಂಡು ಉಂಡೆನಲ್ಲ ಎಂದು ಉಲ್ಯಾನಾಳಿಗೆ ತನ್ನ ಮೇಲೇ ಸಿಟ್ಟು ಬಂತು. ತಂದ ರೊಟ್ಟಿಯನ್ನು ತೋಳದ ಮುಂದಿಟ್ಟು ಊರಿಗೆ ಓಡಿದಳು.

ಹಾಪ್ಕಾ ಎಲೆಕೋಸಿನ ಸಾರು ಕಲಕುತ್ತಿದ್ದಳು.

"ಅತ್ತೇ, ಯಾರ್ಮೊಲಾನ ಚಮಚ ಕೊಡಿ."

"ಅದು ಹಿರಿಯರದ್ದು ಕಣೇ. ಮುಟ್ಟಬೇಡ."

"ಯಾವ ಸೀಮೆ ಹಿರಿಯ? ಬದುಕಿದ್ದಾನೆ ಅವನು! ನೀವು ಸತ್ತೋರ ಜೊತೆ ಊಟಕ್ಕೆ ಕೂರಿಸಿದ್ರೆ ಮನೆಗೆ ಹೇಗ್ ಬರ್ತಾನೆ?"

ಹಾಪ್ಕಾಳ ಸೌಟು ನಿಂತಿತು. "ಒಂದು ವರ್ಷ ಪೂರ್ತಿ ಬಾಗಿಲು ನೋಡ್ತಾ ಕೂತಿದ್ದೆ. ಪ್ರತಿ ಸದ್ದಿಗೂ ಎದ್ದು ಹೋಗ್ತಿದ್ದೆ. ಮತ್ತೆ ಕೂರು ಅಂತೀಯಾ? ನನ್ನ ಕೈಲಾಗಲ್ಲ ಕಣಮ್ಮ. ಸತ್ತ ಅಂದ್ಕೊಂಡ್ರೆ ನಿದ್ದೆಯಾದ್ರೂ ಬರುತ್ತೆ."

ಉಲ್ಯಾನಾ ಅತ್ತೆಯ ಕಡೆಗೆ ಒಂದು ಹೆಜ್ಜೆಯಿಟ್ಟಳು. ಆದರೆ ಹೊರಗೆ ಈಟಿಗಳ ಸದ್ದು ಕೇಳಿಸಿತು. ಗೋಡೆಯ ಗೂಡಿನಿಂದ ಚಮಚ ಕಿತ್ತುಕೊಂಡವಳೇ ಕಾಲಿಗೆ ಬುದ್ಧಿ ಹೇಳಿದಳು.

"ಕಳ್ಳೀ! ನಿಲ್ಲೇ! ಸತ್ತೋನ ಚಮಚ ಕದೀತೀಯೇನೇ!" ಹಾಪ್ಕಾ ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾ ಬೆನ್ನಟ್ಟಿದಳು.

ಬೇಟೆಗೆ ಹೊರಟ ಗುಂಪಿನ ಮುಂದಾಳು ಪ್ರಾಕೋಪ್ ಬಿದ್ದು ಬಿದ್ದು ನಕ್ಕ. "ಓಡು ಹಾಪ್ಕಮ್ಮ, ಓಡು! ಸೊಸೆ ಗೆಲ್ತಾಳೆ ನೋಡು!" ನಗುತ್ತಲೇ ಎಲ್ಲರೂ ಹಿಂದೆ ಹೊರಟರು. ಅವರ ದಾರಿಯೂ ಅದೇ ಆಗಿತ್ತು.

ದಿಬ್ಬ ಹತ್ತಿದ ಹಾಪ್ಕಾ ಗಕ್ಕನೆ ನಿಂತಳು. ನಡುವಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ತೋಳವೊಂದು ರೊಟ್ಟಿ ತಿನ್ನುತ್ತಿತ್ತು. ಹಿಂದೆ ಈಟಿಗಳು ಮೇಲೆದ್ದವು. ಉಲ್ಯಾನಾ ತೋಳದ ಮುಂದೆ ಕೈಚಾಚಿ ನಿಂತಳು.

"ಪಕ್ಕಕ್ಕೆ ಬಾ ಹುಡುಗಿ!" ಪ್ರಾಕೋಪ್ ಈಗ ನಗುತ್ತಿರಲಿಲ್ಲ.

ತೋಳ ತಲೆಯೆತ್ತಲೂ ಇಲ್ಲ. ಒಳಭಾಗ ಮುಗಿಸಿ, ಅಂಚನ್ನು ಮೂತಿಯಿಂದ ಬದಿಗೆ ತಳ್ಳಿತು.

ಸತ್ತವರನ್ನು ಆ ಸೀಮೆಯಲ್ಲಿ ಯಾರೂ ಬೈಯುವುದಿಲ್ಲ. ಹಾಪ್ಕಾ ಕೂಡ ಎರಡು ವರ್ಷ ಮಗನೊಡನೆ ಕೈಮುಗಿದು, ಮೆಲುದನಿಯಲ್ಲೇ ಮಾತಾಡಿದ್ದಳು. ಈಗ ಅದೆಲ್ಲ ಮರೆತುಹೋಯಿತು. ಉಲ್ಯಾನಾಳ ಕೈಯಿಂದ ಚಮಚ ಕಸಿದು ತೋಳದ ಮೂಗಿನ ಮೇಲೆ ಟಪ್ಪೆಂದು ಬಾರಿಸಿದಳು.

"ಲೋ ದರಿದ್ರದೋನೇ! ಅಂಚು ಬಿಡಬೇಡ ಅಂತ ಇನ್ನೆಷ್ಟು ಸಲ ಬಡ್ಕೊಳ್ಳಲೋ? ಅನ್ನದ ಬೆಲೆ ಗೊತ್ತೇನೋ ನಿಂಗೆ? ನಡಿ ಮನೆಗೆ, ಸಾರು ಆರ್ತಿದೆ!"

"ಅಯ್ಯೋ, ಮೂಗು ಕಣಮ್ಮಾ!" ಎಂದಿತು ತೋಳ. ಹಾಗೆಂದಾಗ ಅದು ತೋಳವಾಗಿರಲಿಲ್ಲ. ಗಡ್ಡ ಬೆಳೆದ ಯಾರ್ಮೊಲಾ ಮೈಮೇಲೆ ಕೆಂಪು ಪಟ್ಟಿಯೊಂದನ್ನು ಬಿಟ್ಟು ಬೇರೇನೂ ಇಲ್ಲದೆ ಹಿಮದ ಮೇಲೆ ಕೂತು ಮೂಗು ಉಜ್ಜಿಕೊಳ್ಳುತ್ತಿದ್ದ.

ಈಟಿಗಳು ಒಂದೊಂದಾಗಿ ಕೆಳಗಿಳಿದವು. ಪ್ರಾಕೋಪ್ ತನ್ನ ಕುರಿ ತುಪ್ಪಳದ ಕೋಟನ್ನು ಬಿಚ್ಚಿ ಎಸೆದ. "ಮುಚ್ಕೊಳ್ಳೋ ಮಾರಾಯ. ನನ್ನ ಕುರಿ ತಿಂದಿದ್ದೂ ಅಲ್ದೆ ಈಗ ಕುರಿ ಕೋಟೂ ನಿನಗೇ!"

ಹಾಪ್ಕಾ ಮಗನ ಕತ್ತು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು, ನಡುನಡುವೆ ಬೈದಳು. ಉಲ್ಯಾನಾಳ ಎದೆಯ ಮೇಲಿನ ಮೂರು ವರ್ಷದ ಭಾರ ಇಳಿದುಹೋಯಿತು. ಯಾರ್ಮೊಲಾ ಅವಳನ್ನೇ ನೋಡುತ್ತಾ, ಬಿದ್ದಿದ್ದ ರೊಟ್ಟಿಯ ಅಂಚನ್ನೆತ್ತಿ ಕಟಕಟ ಅಗಿದು ನುಂಗಿದ.

"ಈ ಪಟ್ಟಿಗೆಲ್ಲ ತೋಳದ ಕೂದಲು ಅಂಟಿದೆ," ಎಂದಳು ಉಲ್ಯಾನಾ ಕಣ್ಣೊರೆಸಿಕೊಂಡು. "ಮದುವೆಗೆ ಹೊಸದು ನೇಯ್ತೀನಿ. ಇದನ್ನ ಬಿಚ್ಚಿಡು."

ಯಾರ್ಮೊಲಾ ಎರಡೂ ಕೈಯಿಂದ ಗಂಟನ್ನು ಮುಚ್ಚಿ ಹಿಡಿದ.

"ನೀನು ಹೊಸ್ತಿಲಲ್ಲಿ ಹೊಸದು ಕಟ್ಟು," ಎಂದ. "ಆಮೇಲೆ ಬಿಚ್ತೀನಿ."