ಗೋಡೆಗೆ ಮುಖ ಮಾಡಿದ ಮೇಜು

ನನ್ನ ತಂಗಿ ಓದಿ ಬೆಳೆದದ್ದು ಇಸ್ತ್ರಿ ಮೇಜಿನ ತುದಿಯಲ್ಲಿ. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆದ ಬಾಗಿಲಿನ ಪಕ್ಕ ಉದ್ದದ ಮೇಜು, ಅದರ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸೀದು ಕಂದಾದ ಬಿಳಿ ಬಟ್ಟೆ. ಒಂದು ತುದಿಯಲ್ಲಿ ಅಪ್ಪ, ನಡುವೆ ನಾನು, ಇನ್ನೊಂದು ತುದಿಯಲ್ಲಿ ಅವಳು. ನಾವಿಬ್ಬರೂ ಉಜ್ಜಿ ತಳ್ಳಿದ ಅಂಗಿಗಳನ್ನು ಅವಳು ಮಡಿಸಬೇಕು. ಮಡಿಸುತ್ತಲೇ ಪಾಠ ಒಪ್ಪಿಸುತ್ತಿದ್ದಳು. ಪುಸ್ತಕ ಕಿಟಕಿಯ ಸರಳಿಗೆ ಒರಗಿಕೊಂಡಿರುತ್ತಿತ್ತು. ಹೀಗೆ ಒಪ್ಪಿಸಿ ಒಪ್ಪಿಸಿಯೇ ಬೀದಿಯವರ ಬಾಯಲ್ಲಿ ಅವಳು ಗಿಳಿಯಾದಳು.

ನಾನು ಎಂಟನೇ ತರಗತಿಯ ನಡುವೆ ಚೀಲ ಎಸೆದು ಬಂದವನು. ಪಾಠದ ನಡುವೆ ಯಾಕೆ ಎಂದು ಕೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರ ಹತ್ತಿರ ಕಲಿಯುವುದು ಏನೂ ಇರಲಿಲ್ಲ. ಶಾಲೆ ಬಿಟ್ಟರೂ ಸಿಟ್ಟು ಬಿಡಲಿಲ್ಲ. ಪುಸ್ತಕದ ಮಾತು ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ಗಿಳಿ ಒಂದು ವಾಕ್ಯ ಮುಗಿಸುವುದೇ ತಡ, ಅದಕ್ಕೇನೀಗ ಎಂದು ಇಸ್ತ್ರಿಪೆಟ್ಟಿಗೆ ಕುಕ್ಕುತ್ತಿದ್ದೆ.

ಒಮ್ಮೆ ಅವಳು, ಬೇರು ನೆಲದ ನೀರನ್ನು ಹೀರಿ ಎಲೆಗೆ ಮುಟ್ಟಿಸುತ್ತದೆ ಎಂದಳು.

"ಅದಕ್ಕೇನೀಗ? ನೀರು ಕೆಳಗಿದೆ, ಎಲೆ ಮೇಲಿದೆ. ಹತ್ಸೋರು ಯಾರು? ಮರದೊಳಗೆ ಮೋಟರ್ ಇಟ್ಟಿದಾರಾ?"

ಅಪ್ಪ ನಕ್ಕ. ಅವಳು ನಗಲಿಲ್ಲ. ಮಡಿಸುತ್ತಿದ್ದ ಅಂಗಿಯನ್ನು ಅರ್ಧಕ್ಕೆ ಬಿಟ್ಟು ಪುಟ ತಿರುವಿದಳು. ಅಲ್ಲಿ ಸಿಗಲಿಲ್ಲ. ಮರುದಿನ ಶಾಲೆಯಲ್ಲಿ ಯಾರನ್ನೋ ಪೀಡಿಸಿ ಕೇಳಿಕೊಂಡು ಬಂದು, ಬಟ್ಟೆಗೆ ಚಿಮುಕಿಸುವ ನೀರಿನ ಬಕೆಟ್ಟಿಗೆ ಒಣ ಟವೆಲ್ಲಿನ ತುದಿಯನ್ನು ಇಳಿಬಿಟ್ಟಳು. ನೀರು ತಾನಾಗಿ ಮೇಲೇರತೊಡಗಿತು. ಮೇಲಿನ ತುದಿಯನ್ನು ಬಿಸಿ ಪೆಟ್ಟಿಗೆಯ ಹತ್ತಿರ ಹಿಡಿದು, ಇಲ್ಲಿ ಆವಿಯಾಗಿ ಹೋದಷ್ಟೂ ಕೆಳಗಿನಿಂದ ಎಳೆದುಕೊಳ್ಳುತ್ತದೆ, ಎಲೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ ಎಂದು ವಿವರಿಸಿದಳು. ಮರವನ್ನೂ ತಂದು ಇಸ್ತ್ರಿ ಮಾಡಿಸು ಹಾಗಾದರೆ, ಎಂದು ನಾನು ಗೊಣಗಿದೆ. ಒಳಗೊಳಗೆ ಅರ್ಥವಾಗಿತ್ತು. ಅವಳಿಗೂ ಅರ್ಥವಾದದ್ದು ಆ ಗಳಿಗೆಯಲ್ಲೇ ಎನ್ನುವುದು ನಮಗೆ ಹೊಳೆಯಲಿಲ್ಲ. ನಾವು ಅದನ್ನು ಜಗಳ ಎಂದುಕೊಂಡಿದ್ದೆವು. ದಿನವೂ ಜಗಳ, ವರ್ಷವೂ ಅವಳು ಪಾಸು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆಯೆಂದು ಯಾರಿಗೆ ಗೊತ್ತಾಗಬೇಕು?

ಮಾವ ಎಂದರೆ ಅಮ್ಮನ ತಮ್ಮ. ಯೂನಿವರ್ಸಿಟಿಯ ಗ್ರಂಥಾಲಯದಲ್ಲಿ ಓದುವ ಹಾಲ್ ಕಾಯುವುದು ಅವರ ಕೆಲಸ. ಬಾಗಿಲ ಬಳಿ ಎತ್ತರದ ಕುರ್ಚಿಯಲ್ಲಿ ಕೂತು, ಯಾರಾದರೂ ಪಿಸುಗುಟ್ಟಿದರೆ ತುಟಿಯ ಮೇಲೆ ಬೆರಳಿಡಬೇಕು. ಹಾಗೆ ಕೂತು ಕೂತು ಅವರ ದನಿಯೇ ಇಂಗಿಹೋಗಿತ್ತು. ನಮ್ಮ ಮನೆಗೆ ಬಂದರೂ ಪಿಸುಪಿಸು ಎನ್ನುವರು. ಜೋರಾಗಿ ಹೇಳೋ, ಇಲ್ಲಿ ಯಾರೂ ಓದ್ತಾ ಇಲ್ಲ ಎಂದು ಅಮ್ಮ ಗದರಿಸುವಳು. ಗಿಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಗಲಿ ಎಂದು ಆಫೀಸಿನಿಂದ ಆಫೀಸಿಗೆ ಅಲೆದವರು ಅವರೇ. ನಮ್ಮಲ್ಲಿ ಯಾರೂ ಆ ಗೇಟು ದಾಟಿದವರಲ್ಲ. ಅವರಿಲ್ಲದಿದ್ದರೆ ಅವಳೂ ದಾಟುತ್ತಿರಲಿಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಟ್ಟು ಬರುವುದು ಆಮೇಲಿನದಕ್ಕೆ.

ಸೀಟು ಸಿಕ್ಕ ಖುಷಿಯಲ್ಲಿ ಇಡೀ ಮನೆ ಇದ್ದಾಗ ಮಾವ ಬಂದು ಮೇಜಿನ ಮುಂದೆ ನಿಂತರು.

"ಅಕ್ಕಾ, ಇದು ಶಾಲೆಯಲ್ಲ. ಅಲ್ಲಿ ಓದೋರನ್ನ ನಾನು ದಿನಾ ನೋಡ್ತೀನಿ. ಒಬ್ಬೊಬ್ಬರೇ ಕೂರ್ತಾರೆ, ತಲೆ ಎತ್ತಲ್ಲ, ಬಾಯಿ ಬಿಡಲ್ಲ. ಇವಳು ಈ ಗದ್ದಲದಲ್ಲಿ, ಈ ಬೆಂಕಿಪೊಟ್ಣದ ಪಕ್ಕ ನಿಂತ್ಕೊಂಡು ಓದೋದಾ?"

ಬೆಂಕಿಪೊಟ್ಟಣ ಎಂದರೆ ನಾನು. ಅವಳು ಇಷ್ಟು ವರ್ಷ ಪಾಸಾದದ್ದು ಈ ಗದ್ದಲದಲ್ಲೇ ಎಂದೆ. ಮಾವ ನನ್ನ ಕಡೆ ತಿರುಗದೆ ಅಮ್ಮನಿಗೇ ಹೇಳಿದರು.

"ಇವನ ತರಲೆ ಪ್ರಶ್ನೆಗೆಲ್ಲ ಉತ್ತರ ಕೊಡ್ತಾ ನಿಂತ್ರೆ ಕೊನೇಗೆ ಅವಳೂ ಇವನ ಜೊತೆ ಇಸ್ತ್ರಿ ಹಿಡೀಬೇಕಾಗುತ್ತೆ."

ಇಸ್ತ್ರಿ ಹಿಡಿದೇ ನಿಂತಿದ್ದ ಅಪ್ಪ ತಲೆ ಎತ್ತಲಿಲ್ಲ. ಆಗಲೇ ಉಜ್ಜಿ ಮುಗಿಸಿದ್ದ ಕಾಲರನ್ನು ಮತ್ತೊಮ್ಮೆ ಉಜ್ಜಿದ. ನಾನು ಕೆಂಡಾಮಂಡಲವಾಗಿ ಏನೇನೋ ಅಂದೆ. ಅಮ್ಮ ನನ್ನ ಬಾಯಿ ಮುಚ್ಚಿಸಿದಳು. ಆ ದೊಡ್ಡ ಕಟ್ಟಡದೊಳಗಿನ ವಿಷಯ ಅಲ್ಲಿರುವವನಿಗಲ್ಲದೆ ನಮಗೇನು ಗೊತ್ತು ಎಂಬುದು ಅವಳ ಮಾತು. ಗಿಳಿ ನನ್ನ ಮುಖ ನೋಡಿದಳು. ಹೋಗು ಎಂದೆ. ಇನ್ನೇನು ಹೇಳಲಿ? ಮಾವ ಓದುವವರನ್ನು ನೋಡಿದ್ದರು, ನಾನು ಅದನ್ನೂ ನೋಡಿರಲಿಲ್ಲ. ಆದರೆ ಅವರು ನೋಡಿದ್ದು ಬಗ್ಗಿದ ತಲೆಗಳನ್ನು ಮಾತ್ರ. ತಲೆಯೊಳಗೆ ಏನು ನಡೆಯುತ್ತದೆ ಎಂದು ಕುರ್ಚಿಯ ಮೇಲಿಂದ ಕಾಣುತ್ತದೆಯೇ?

ಗಿಳಿ ಮಾವನ ಮನೆಯ ಮಹಡಿಯ ಕೋಣೆಗೆ ಹೋದಳು. ಮಾವ ಅವಳಿಗೆಂದು ಹೊಸ ಮೇಜು ಮಾಡಿಸಿ, ಕಣ್ಣು ಆಚೆ ಈಚೆ ಹೋಗದಿರಲೆಂದು ಗೋಡೆಗೆ ಮುಖ ಮಾಡಿ ಇರಿಸಿದ್ದರು. ಗೋಡೆಯ ಮೇಲೆ ವೇಳಾಪಟ್ಟಿ. ಏಳುವುದು, ಓದುವುದು, ಉಣ್ಣುವುದು, ಮತ್ತೆ ಓದುವುದು. ಇತ್ತ ನಮ್ಮ ಮೇಜಿನ ತುದಿ ಖಾಲಿಯಾಯಿತು. ಅಂಗಿ ಮಡಿಸಲು ಅಮ್ಮ ಬಂದಳು, ಮಾತಿಗೆ ಯಾರೂ ಬರಲಿಲ್ಲ. ಆ ಖಾಲಿ ನೋಡಲಾಗದೆ ನಾನು ಊರಿನ ಇನ್ನೊಂದು ಕಡೆಯ ಆಸ್ಪತ್ರೆಯ ಲಾಂಡ್ರಿಗೆ ಕೆಲಸಕ್ಕೆ ಸೇರಿದೆ. ಅಲ್ಲಿ ಆಳೆತ್ತರದ ಯಂತ್ರಗಳು ಗುಡುಗುಡು ಎಂದು ತಿರುಗುತ್ತಿರುತ್ತವೆ. ಪಕ್ಕದವನು ಬೈದರೂ ಕೇಳಿಸುವುದಿಲ್ಲ. ನನಗೆ ಹೇಳಿ ಮಾಡಿಸಿದ ಜಾಗ.

ಒಂದು ಭಾನುವಾರ ಮಾವನ ಅಂಗಿಗಳ ಗಂಟು ಕೊಡಲು ಹೋದೆ. ಮಾವ ತುದಿಗಾಲಲ್ಲಿ ನಡೆಸಿಕೊಂಡು ಮಹಡಿಗೆ ಕರೆದೊಯ್ದು ಬಾಗಿಲ ಸಂದಿಯಿಂದ ತೋರಿಸಿದರು. ಪಕ್ಕದಿಂದ ಓರೆಯಾಗಿ ಕಾಣುವ ಗಿಳಿಯ ಬೆನ್ನು, ಬಗ್ಗಿದ ತಲೆ, ತೆರೆದ ಪುಸ್ತಕ. ನೋಡು, ಹಂದಾಡೋದಿಲ್ಲ ಎಂದು ನನ್ನ ಕಿವಿಯಲ್ಲಿ ಉಸಿರಿದರು. ಅವರ ಮುಖದ ತುಂಬ ಹೆಮ್ಮೆ. ಪುಟದ ಒಂದು ಸಾಲೂ ಬಿಡದೆ ಹಳದಿ ಪೆನ್ನು ಬಳಿದಿದ್ದಳು. ದೂರದಿಂದ ಪುಟಕ್ಕೆ ಪುಟವೇ ಹಳದಿಯಾಗಿ ಕಾಣುತ್ತಿತ್ತು. ಮಾವನಿಗೆ ಕಾಣದ ಇನ್ನೊಂದು ನನಗೆ ಕಂಡಿತು. ಮೇಜಿನ ಕೆಳಗೆ, ಮಡಿಲಲ್ಲಿ, ಅವಳ ಕೈಗಳು ಒಂದು ಕರವಸ್ತ್ರವನ್ನು ಮಡಿಸುತ್ತಿದ್ದವು. ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು. ಏನೇ ಅದು, ಅದಕ್ಕೇನೀಗ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಮಾವನ ಬೆರಳು ತುಟಿಯ ಮೇಲಿತ್ತು. ನಾನು ಇಳಿದು ಬಂದೆ.

ಮೊದಲ ಪರೀಕ್ಷೆಯ ಫಲಿತಾಂಶ ಬಂದಾಗ ಗಿಳಿ ಎರಡು ವಿಷಯಗಳಲ್ಲಿ ಫೇಲು. ಅಲ್ಲಿಯ ನಿಯಮದ ಪ್ರಕಾರ ಮರುಪರೀಕ್ಷೆಯಲ್ಲಿ ಎರಡನ್ನೂ ಪಾಸು ಮಾಡಬೇಕು. ಒಂದು ಉಳಿದರೂ ಸೀಟು ಹೋಗುತ್ತದೆ. ಮನೆಯಲ್ಲಿ ಸೂತಕದ ಕಳೆ. ಮಾವ ಮಾತ್ರ ಎದೆಗುಂದಲಿಲ್ಲ. ಮೌನ ಸಾಲದೆಂದು ಅವರ ಲೆಕ್ಕ. ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಊಟವನ್ನು ಮಹಡಿಗೇ ಕಳಿಸಿದರು, ಕಿಟಕಿಗೆ ದಪ್ಪ ಪರದೆ ಬಂತು. ಅಮ್ಮನೂ ಮಗಳನ್ನು ನೋಡಲು ಹೋದರೆ ಆಸ್ಪತ್ರೆಗೆ ಹೋದವರಂತೆ ಪಿಸುಗುಟ್ಟಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಲಾಂಡ್ರಿಯ ಹಿಂದಿನ ಶೀಟಿನ ಮಾಡಿನ ಕೆಳಗೆ ಚಹಾ ಕುಡಿಯುತ್ತಿದ್ದಾಗ ಗಿಳಿ ಬಂದು ನಿಂತಳು. ಕ್ಲಾಸಿದೆ ಎಂದು ಹೇಳಿ ಬಂದಿದ್ದಳು. ಕೆನ್ನೆ ಇಳಿದುಹೋಗಿತ್ತು. ಬಂದವಳು ಕೂರಲೂ ಇಲ್ಲ.

"ಏನೂ ನಿಲ್ತಾ ಇಲ್ಲ ಅಣ್ಣ. ಪುಟ ಪೂರ್ತಿ ಕಣ್ಣೆದುರು ಬರುತ್ತೆ. ಯಾಕೆ ಅಂತ ಒಂದು ಪ್ರಶ್ನೆ ಬಂದ್ರೆ ಪುಟ ಮಾಯ. ಮರದ ತುದಿಗೆ ನೀರು ಹೇಗೆ ಏರುತ್ತೆ ಅಂತ ಕೇಳಿದ್ರು. ಅದನ್ನೂ ಬಿಟ್ಟು ಬಂದೆ."

"ಟವೆಲ್ ನೆನಪಾಗ್ಲಿಲ್ವಾ?"

"ಆಯ್ತು. ಅದು ಓದಿದ್ದಲ್ವಲ್ಲ ಅಂತ ಬರೀಲಿಲ್ಲ."

ನನ್ನ ಕೈಯಲ್ಲಿದ್ದ ಲೋಟ ಗೋಡೆಗೆ ಹೋಗಿ ಬಡಿಯಿತು. ಅವಳ ಮೇಲೆ ಸಿಟ್ಟಲ್ಲ. ಯಾರ ಮೇಲೆ ಎಂದು ಕೇಳಿದ್ದರೆ ಮಾವ, ಬೆಂಚಿನ ಮೇಷ್ಟ್ರು, ಆ ಹಳದಿ ಪೆನ್ನು ಮಾಡಿದವನು, ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದೆ. ಗಿಳಿ ಕದಲಲಿಲ್ಲ. ನನ್ನ ಈ ವರಸೆಯನ್ನು ಹುಟ್ಟಿದಾಗಿನಿಂದ ನೋಡಿದವಳು. ಪಕ್ಕದ ರಾಶಿಯಿಂದ ಒಂದು ದಿಂಬಿನ ಚೀಲ ಎತ್ತಿಕೊಂಡು ಮಡಿಸುತ್ತ, "ನೀನು ಕೇಳ್ತಿದ್ಯಲ್ಲ, ಅದನ್ನ ಕೇಳು," ಎಂದಳು.

ಅಂದಿನಿಂದ ಚಹಾದ ಬಿಡುವು ಬಂದಾಗಲೆಲ್ಲ ಅವಳು ಬಂದಳು. ನಾನು ಅದಕ್ಕೇನೀಗ ಎನ್ನುವುದು, ಅವಳು ಉತ್ತರ ಹುಡುಕುವುದು. ಒಮ್ಮೊಮ್ಮೆ ಇಬ್ಬರೂ ಕೂಗಾಡುವಷ್ಟು ಏರುತ್ತಿತ್ತು. ದಿಂಬಿನ ಚೀಲ ಮಡಿಸುವ ಹೆಂಗಸೊಬ್ಬಳು, ನನ್ನ ಗಂಡನ ಜೊತೆ ನಾನು ಇಷ್ಟು ಜಗಳ ಆಡಿದ್ರೆ ಇಷ್ಟೊತ್ತಿಗೆ ಡಾಕ್ಟರೇ ಆಗ್ತಿದ್ದೆ ಎಂದು ನಗಿಸಿದಳು. ಗಿಳಿಯ ಮುಖಕ್ಕೆ ಮೊದಲಿನ ಬಣ್ಣ ಮರಳಿತು. ಆದರೆ ಚಹಾದ ಬಿಡುವೆಂದರೆ ಎಷ್ಟು? ಒಂದು ಉತ್ತರ ದಡ ಮುಟ್ಟುವ ಮೊದಲೇ ಮೇಲ್ವಿಚಾರಕ ಗಂಟೆ ಬಾರಿಸುತ್ತಿದ್ದ. ಒಂದು ಪುಸ್ತಕ ಮುಗಿಸಿದೆವು. ಇನ್ನೊಂದು ಅರ್ಧದಲ್ಲಿದ್ದಾಗ ಪರೀಕ್ಷೆ ಬಂದುಬಿಟ್ಟಿತು.

ಮುಗಿಸಿದ ಪುಸ್ತಕ ಪಾಸು, ಚೆನ್ನಾಗಿಯೇ ಪಾಸು. ಅರ್ಧದಲ್ಲಿ ನಿಂತದ್ದು ಫೇಲು. ಸೀಟು ಹೋಯಿತು.

ಮಾವ ಆಫೀಸಿನಲ್ಲಿ ಕಾಡಿ ಬೇಡಿದರಂತೆ. ತಮ್ಮ ಸರ್ವೀಸಿನಲ್ಲಿ ಮೊದಲ ಸಲ ದನಿ ಎತ್ತಿದರಂತೆ. ಫಲವಾಗಲಿಲ್ಲ. ಕೆಲವು ದಿನಗಳ ಮೇಲೆ ಕೈಗಾಡಿಯಲ್ಲಿ ಆ ಮೇಜನ್ನು ಹೇರಿಸಿಕೊಂಡು ನಮ್ಮ ಅಂಗಡಿಗೆ ಬಂದರು. ಅಂದು ನನಗೆ ರಜೆ. ಅಪ್ಪನ ಪಕ್ಕ ನಿಂತಿದ್ದೆ. ಮನೆಗೆ ಮರಳಿದ್ದ ಗಿಳಿ ತುದಿಯಲ್ಲಿ ಮಡಿಸುತ್ತಿದ್ದಳು. ಮಾವನಿಗೆ ಎಸೆಯಲೆಂದು ನಾನು ಕೂಡಿಟ್ಟಿದ್ದ ಮಾತುಗಳು ಬೇಕಾದಷ್ಟಿದ್ದವು. ಅವರು ಸ್ಟೂಲಿನ ಮೇಲೆ ಕುಸಿದು ಕೂತ ರೀತಿ ನೋಡಿ ಇನ್ನೊಂದು ಅಂಗಿ ಎತ್ತಿಕೊಂಡೆ. ಚಹಾದ ಹೊತ್ತಿನ ಓದು, ಟವೆಲ್ಲು, ಎಲ್ಲವನ್ನೂ ಅಮ್ಮ ಅವರಿಗೆ ಹೇಳಿದ್ದಳು.

"ಆ ಟವೆಲ್ಲಿಂದು ಏನಮ್ಮ ಅದು?" ಎಂದು ಗಿಳಿಯನ್ನು ಕೇಳಿದರು. ಎಂದಿನ ಪಿಸುದನಿ.

ಅವಳು ಬಕೆಟ್ಟಿಗೆ ಟವೆಲ್ ಇಳಿಬಿಟ್ಟಳು. ನೀರು ಏರುವುದನ್ನು ಮಾವ ಬಗ್ಗಿ ನೋಡಿದರು. ಅವಳು ಎಲೆಯಿಂದ ಹಿಡಿದು ಬೇರಿನವರೆಗೆ, ನಿಲ್ಲಿಸದೆ, ತಪ್ಪದೆ, ಮಗುವಿಗೂ ತಿಳಿಯುವ ಹಾಗೆ ಹೇಳಿದಳು. ಅಷ್ಟನ್ನೂ ಮೊದಲ ಪರೀಕ್ಷೆಯಲ್ಲಿ ಬರೆಯಬಹುದಿತ್ತು. ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿಸಿಕೊಂಡ.

"ಇದನ್ನ ಅವತ್ತೇ ನನಗೊಂದು ಮಾತು ಹೇಳಬಾರದಿತ್ತಾ?" ಎಂದರು ಮಾವ.

"ಮಾತಾಡಬೇಡ ಅಂದಿದ್ರಲ್ಲ ಮಾವ," ಎಂದಳು. ಚುಚ್ಚುವ ದನಿಯೇನಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಮಾವ ಎದ್ದು ಚಪ್ಪಲಿ ಮೆಟ್ಟಿದರು. ಬೀದಿಗಿಳಿದ ಮೇಲೆ ನನ್ನ ಕಡೆ ತಿರುಗಿ, ತಮ್ಮ ಹಾಲಿನಲ್ಲಿ ಮೂಲೆಯಲ್ಲಿ ಕೂರುವ ಒಬ್ಬ ಹುಡುಗ ದಿನವೂ ಪಕ್ಕದವನಿಗೆ ಏನೋ ಹೇಳಲು ಹೊರಡುತ್ತಾನೆ, ದಿನವೂ ತಾವು ಬೆರಳಿಡುತ್ತೇವೆ ಎಂದರು. ಅವನು ಏನು ಹೇಳಲು ಹೊರಡುತ್ತಾನೆ ಎಂದು ತಮಗೆ ಇವತ್ತಿಗೂ ಗೊತ್ತಿಲ್ಲವಂತೆ. ನಾಳೆ ಕೇಳಿ ನೋಡಿ ಎಂದೆ. ತಲೆ ಅಲ್ಲಾಡಿಸಿದರು. ಮಾತಾಡಬಾರದೆನ್ನುವ ಹಾಲಿನಲ್ಲಿ ತಾವೇ ಮಾತಾಡಿಸುವುದು ಹೇಗೆ?

ಹೊಸ ಮೇಜನ್ನು ಇಸ್ತ್ರಿ ಮೇಜಿಗೆ ಜೋಡಿಸಿ ಹಾಕಿದೆವು. ಮಡಿಸಿದ ಬಟ್ಟೆ ಪೇರಿಸಲು ಜಾಗವಾಯಿತು. ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದಂತೆ, ಸಿಗುವ ಭರವಸೆಯಿಲ್ಲ. ಗಿಳಿ ಅದರ ಮಾತೆತ್ತುವುದಿಲ್ಲ. ಪುಸ್ತಕವನ್ನು ಕಿಟಕಿಯ ಸರಳಿಗೆ ಒರಗಿಸಿದ್ದು ನಾನೇ. ಅವಳು ಅದರ ಪಕ್ಕದಲ್ಲೇ ಅಂಗಿ ಮಡಿಸುತ್ತಾಳೆ, ತೋಳಿನ ಮೇಲೆ ತೋಳು, ಒಂದು ನೆರಿಗೆಯೂ ಇಲ್ಲದ ಹಾಗೆ. ರಜೆಯ ದಿನಗಳಲ್ಲಿ ನಾನು ಪೆಟ್ಟಿಗೆ ಹಿಡಿದು ಕಾಯುತ್ತೇನೆ. ಅವಳು ಒಂದು ವಾಕ್ಯ ಹೇಳಲಿ, ಯಾವುದಾದರೂ ಒಂದು. ಕೇಳುವುದಕ್ಕೆ ನಾನಿದ್ದೇನೆ, ಅವಳು ಬಾಯಿ ತೆರೆಯುವುದಿಲ್ಲ.