ಕೆಂಪು ಕೋಲು

"ಕಣ್ಣನ್ನ ಎಲ್ಲಿ ಅಡ ಇಟ್ಟು ಬಂದಿದೀಯೇ, ಮುಂಡೇದೇ? ಬೆರಳುದ್ದದ ಚಿಪ್ಪು ಬಿಟ್ಟಿದೀಯಲ್ಲ. ಹೋಟೆಲಿನ ಅಮ್ಮಾವ್ರ ಅಂಗಾಲು ಕುಯ್ದೋಯ್ತು."

ಮೇಸ್ತ್ರಿ ಆ ಚಿಪ್ಪನ್ನು ಬುಟ್ಟಿಗೆ ಹಾಕಲಿಲ್ಲ, ಅವಳ ಮುಖಕ್ಕೇ ಎಸೆದ. ದೊಡ್ಡವಳು ಕೆನ್ನೆ ಒರೆಸಿಕೊಂಡು ಮತ್ತೆ ಬಗ್ಗಿದಳು. ಹೋಟೆಲಿನ ಮುಂದಿನ ದಂಡೆಯನ್ನು ಕಡಲು ತಿಂದುಹಾಕಿತ್ತು. ಈಗ ಕಡಲ ತಳದ ಮರಳನ್ನೇ ಹೀರಿ, ಆಳು ನುಸುಳುವಷ್ಟು ದಪ್ಪದ ಪೈಪಿನಲ್ಲಿ ತಂದು ಸುರಿಯುತ್ತಿದ್ದರು. ಅದರೊಳಗಿನ ಕಲ್ಲು, ಚಿಪ್ಪು ಆರಿಸುವ ಕೆಲಸ ಪಕ್ಕದ ಗುಡಿಸಲುಗಳ ಹೆಂಗಸರದು.

ಬೈಗುಳವೇನು, ದಿನಾ ಇದ್ದದ್ದೇ. ಅವಳ ಹೊಟ್ಟೆ ಉರಿಸುತ್ತಿದ್ದವಳು ಪಕ್ಕದಲ್ಲೇ ಬಗ್ಗಿದ್ದ ಓರಗಿತ್ತಿ, ಮೈದುನನ ಹೆಂಡತಿ. ಮರಳು ಎಲ್ಲಿಯವರೆಗೆ ಬೀಳಬೇಕೆಂದು ಇಂಜಿನಿಯರ್ ನೆಟ್ಟಿದ್ದ ಕೆಂಪು ಕೋಲು ಸರಿಯಾಗಿ ಇವರಿಬ್ಬರ ಮನೆಯ ನಡುಗೋಡೆಯ ಎದುರಿಗಿತ್ತು. ಹೋಟೆಲಿನ ಕಡೆಯ ಪಾಲು ಓರಗಿತ್ತಿಯದು, ಅದು ಉಳಿಯಿತು. ಇತ್ತ ದೊಡ್ಡವಳ ಅಡುಗೆಮನೆಯ ಗೋಡೆ ಕಳೆದ ಉಬ್ಬರಕ್ಕೆ ಅರ್ಧ ಹೋಗಿತ್ತು. ಬರುವ ಹುಣ್ಣಿಮೆಗೆ ಮನೆಯೂ ಹೋಗುವುದಿತ್ತು. ಇನ್ನೂ ಉರಿಯುವ ಮಾತೆಂದರೆ, ಮನೆ ಪಾಲಾದಾಗ ಅಡುಗೆಮನೆ ದೊಡ್ಡದಿದೆಯೆಂದು ರಂಪ ಮಾಡಿ ಈ ಪಾಲನ್ನು ಕಿತ್ತುಕೊಂಡವಳು ದೊಡ್ಡವಳೇ.

ಊಟಕ್ಕೆ ಮುಂಚೆ ಇಂಜಿನಿಯರ್ ಬಂದ. ದೊಡ್ಡವಳು ಬುಟ್ಟಿ ಇಳಿಸಿ ಕೈ ಮುಗಿದಳು.

"ಸಾರ್, ಆ ಕೋಲು ಇನ್ನು ಹತ್ತು ಮಾರು ಆಚೆ ಹಾಕಿ ಸಾರ್. ನಮ್ಮನೆ ಉಳ್ಕೊಳ್ಳುತ್ತೆ."

"ಹೋಟೆಲಿನ ಗಡಿ ಅಲ್ಲಿಗೆ ಮುಗೀತು. ನಿನ್ನ ಗುಡಿಸಲು ಕಾಯೋಕಾ ಅವರು ಮರಳು ತರಿಸ್ತಿರೋದು?" ಅವನು ಮೇಸ್ತ್ರಿಯ ಕಡೆ ತಿರುಗಿ ಕಣ್ಣು ಹೊಡೆದ. "ಒಂದು ಕೆಲಸ ಮಾಡು. ಮನೇನ ತಲೆ ಮೇಲೆ ಹೊತ್ಕೊಂಡು ಕೋಲಿನ ಈ ಕಡೆ ಬಂದ್ಬಿಡು. ಹೊರೋದು ನಿಮಗೇನು ಹೊಸದಾ?"

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಓರಗಿತ್ತಿ ತಲೆ ಎತ್ತಲಿಲ್ಲ.

"ನಗು ಕಣೇ, ನೀನೂ ನಗು. ನಿನ್ನ ಗೋಡೆ ಗಟ್ಟಿ ಇದೆಯಲ್ಲ."

"ನಾನ್ಯಾವಾಗ ನಕ್ಕೆ ಅಕ್ಕ?"

ಮಧ್ಯಾಹ್ನ ಪೈಪ್ ನಿಂತಿತು, ಗಂಡಸರು ಶೆಡ್ಡಿಗೆ ಹೋದರು. ದೊಡ್ಡವಳು ಉಣ್ಣಲಿಲ್ಲ. ಕೋಲನ್ನು ಅಲುಗಿಸಿ ಅಲುಗಿಸಿ ಕಿತ್ತಳು. ಪೈಪಿನವರು ನಕ್ಷೆ ನೋಡುವವರಲ್ಲ, ಕೋಲು ನೋಡಿ ಸುರಿಯುವವರು. ಅದು ಅವಳಿಗೆ ಗೊತ್ತಿತ್ತು. ಆದರೆ ಕೋಲು ಕೈಗೆ ಬಂದದ್ದೇ ತಡ, ಕಾಲು ಹೋದದ್ದು ಓರಗಿತ್ತಿಯ ಮನೆ ದಾಟಿ ಹೋಟೆಲಿನ ಕಡೆಗೆ. ನನಗಿಲ್ಲದ ಮರಳು ಅವಳಿಗೂ ಬೇಡ, ಹಾಳಾಗಿ ಹೋಗಲಿ. ಅಲ್ಲೇ ಊರಿ ನಿಂತಳು.

ಓರಗಿತ್ತಿ ಹೊಸ್ತಿಲಿಂದ ನೋಡಿದಳು. ಜಗಳಕ್ಕೆ ಬರುತ್ತಾಳೆಂದು ದೊಡ್ಡವಳು ಸೆರಗು ಬಿಗಿದಳು. ಅವಳು ಬರಲಿಲ್ಲ. ಒಳಗೆ ಹೋಗಿ ಒಂದೊಂದೇ ಪಾತ್ರೆ ತಂದು ಹೊರಗಿಡತೊಡಗಿದಳು. ಆಮೇಲೆ ಚಾಪೆ, ಗಂಡನ ಬಲೆ.

"ಏನೇ ಅದು?"

"ಗಡಿ ಬದಲಾಯ್ತಲ್ಲ ಅಕ್ಕ. ಎಷ್ಟು ಹೊತ್ತಿಗೆ ಖಾಲಿ ಮಾಡ್ಬೇಕಂತೆ?"

"ಯಾರು ಹೇಳಿದ್ರು ನಿಂಗೆ?"

"ಕೋಲು ಬಂತಲ್ಲ. ಅವರು ಹೇಳ್ದೆ ನೀನು ಕೀಳ್ತೀಯಾ?"

ದೊಡ್ಡವಳಿಗೆ ನಾಚಿಕೆಯಾಯಿತು. ಇಷ್ಟು ದಿನ ಹೊಟ್ಟೆ ಉರಿದುಕೊಂಡದ್ದು ಇವಳ ಮೇಲಾ? ಕೋಲು ಕಂಡರೆ ಕೇಳದೆಯೇ ಮನೆ ಬಿಡುವ ಈ ಹೆಂಗಸಿನ ಮೇಲಾ?

"ಪಾತ್ರೆ ಒಳಗಿಡು, ಪೆದ್ದಿ. ಹಾರೆ ತಗೊಂಡು ಬಾ."

ಇಬ್ಬರೂ ದೊಡ್ಡವಳ ಮನೆ ದಾಟಿ, ಆಚೆಗಿನ ಗುಡಿಸಲುಗಳನ್ನೂ ದಾಟಿ, ಕೊನೆಯ ಗುಡಿಸಲ ಆಚೆ ಕೋಲು ನೆಟ್ಟರು.

ಪೈಪ್ ಮತ್ತೆ ಶುರುವಾಗಿ, ಇಂಜಿನಿಯರ್ ಓಡಿ ಬರುವಷ್ಟರಲ್ಲಿ ದೊಡ್ಡವಳ ಅಡುಗೆಮನೆಯ ಎದುರು ಮರಳು ಸೊಂಟದೆತ್ತರ ಬಿದ್ದಿತ್ತು.

"ಯಾವ ಬೋಳಿ ಕಿತ್ತಿದ್ದು ಇದನ್ನ? ಬಾಯಿ ಬಿಡಿ, ಇಲ್ದಿದ್ರೆ ಎಲ್ಲರನ್ನೂ ಪೊಲೀಸರಿಗೆ ಕೊಡ್ತೀನಿ."

"ನಾನು," ಎಂದಳು ಓರಗಿತ್ತಿ. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಹೆಂಗಸರೆಲ್ಲ ಕಲ್ಲು ಆರಿಸುವುದು ಬಿಟ್ಟು ಅವಳನ್ನೇ ನೋಡಿದರು.

ದೊಡ್ಡವಳ ಹೊಟ್ಟೆಯಲ್ಲಿ ಅದೇ ಹಳೇ ಉರಿ ಎದ್ದಿತು. ಈ ಹೆಸರನ್ನೂ ಇವಳೇ ಹೊಡೆದುಕೊಂಡು ಹೋಗುವುದಾ? ಬುಟ್ಟಿ ಬಿಸಾಕಿ ಹೋಗಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಅವಳು ಬರೀ ಹಾರೆ ತಂದವಳು ಸಾರ್. ನೆಟ್ಟವಳು ನಾನು."