ಹಾವಭಾವಕ್ಕೆ ಹತ್ತು ಅಂಕ

ಆ ಹುಡುಗ ಎರಡೂ ಕೈಯಿಂದ ತನ್ನ ಅಂಗಿಯ ಕಾಲರ್ ಹಿಡಿದು ಮೇಲಕ್ಕೆ ಎಳೆಯುತ್ತಾನೆ, ನಾಲಿಗೆ ಹೊರಹಾಕುತ್ತಾನೆ, ಸಭಾಂಗಣ ಚಪ್ಪಾಳೆ ತಟ್ಟುತ್ತದೆ — ಗಲ್ಲು ಹೀಗಿರುತ್ತದಂತೆ, ಇವನು ಕಂಡಿದ್ದಾನೆ — ನನ್ನ ಮುಂದಿನ ಹಾಳೆಯಲ್ಲಿ ಹಾವಭಾವಕ್ಕೆ ಹತ್ತು ಅಂಕ, ವಿಷಯಕ್ಕೆ ಇಪ್ಪತ್ತು, ಕೊಡು ಸುರೇಖಾ ಕೊಡು, ಇದಕ್ಕೇ ಅಲ್ಲವೇ ಹಾವೇರಿಯಿಂದ ಬೆಳಿಗ್ಗೆಯೇ ಹೊರಟು ರಾಣೇಬೆನ್ನೂರಿಗೆ ಬಂದಿದ್ದು, ಕನ್ನಡ ಮೇಡಂ, ಚರ್ಚಾಸ್ಪರ್ಧೆಯ ನಿರ್ಣಾಯಕಿ, ಸೆರಗಿಗೆ ಗುಲಾಬಿ ಬ್ಯಾಡ್ಜು ಬೇರೆ. ವಿಷಯ ಏನೆಂದು ಫೋನಿನಲ್ಲಿ ಹೇಳಿರಲಿಲ್ಲ, ಬಂದು ನೋಡಿದರೆ ಬ್ಯಾನರಿನ ಮೇಲೆ ಮರಣದಂಡನೆ ಬೇಕೇ ಬೇಡವೇ, ಎದ್ದು ಹೋಗಬೇಕಿತ್ತು, ಹೋದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕು, ಹಾವೇರಿಗೆ ವರ್ಗವಾಗಿ ಬಂದಾಗಿನಿಂದ, ಯಾರೇ ಕೇಳಿದರೂ, ನನಗೆ ತಮ್ಮನೇ ಇಲ್ಲ. ಇಂಥ ರಾಕ್ಷಸರಿಗೆ ಉಸಿರಾಡುವ ಹಕ್ಕಿಲ್ಲ ಎನ್ನುತ್ತಾನೆ ಹುಡುಗ. ರಾಕ್ಷಸ! ವೀರೇಂದ್ರ ರಾಕ್ಷಸನಾಗಿದ್ದರೆ ಎಷ್ಟು ಸುಲಭವಿತ್ತು, ಕೋರೆಹಲ್ಲು ಕಂಡು ನಾವೇ ದೂರ ಇರುತ್ತಿದ್ದೆವು — ಮೇಡ್ಲೇರಿಯ ಮನೆಯಲ್ಲಿ ಹೆಂಡತಿ ಅರುಣಾಳನ್ನೂ ಮೂರು ವರ್ಷದ ಮಗಳನ್ನೂ ಕೊಂದ ನನ್ನ ತಮ್ಮ ಪಂಚಮಿಗೆ ನನಗೆ ತಾನೇ ಸೀರೆ ಆರಿಸಿ ತರುತ್ತಿದ್ದ, ಬಾಳೆಹಣ್ಣಿನ ಸಿಪ್ಪೆಯನ್ನೂ ಎಮ್ಮೆಗೆಂದು ಎತ್ತಿಡುತ್ತಿದ್ದ.

ಈಗ ವಿರೋಧದ ಹುಡುಗಿ, ಕ್ಷಮೆ ದೊಡ್ಡದು ಸನ್ಮಾನ್ಯರೇ, ಅಪರಾಧಿಯೂ ಒಬ್ಬ ತಾಯಿಯ ಮಗ, ದನಿಯೂ ಇಂಪು, ನನ್ನ ಮೈಯೆಲ್ಲ ಉರಿಯುತ್ತದೆ, ಯಾರ ಕ್ಷಮೆಯನ್ನು ಯಾರು ಹಂಚುತ್ತಿದ್ದೀ ತಾಯಿ, ಅರುಣಾ ನಿನಗೆ ವಕಾಲತ್ತು ಬರೆದುಕೊಟ್ಟಳೇ? ಹೌದು, ತಾಯಿಯ ಮಗ, ಆ ತಾಯಿ ನಮ್ಮವ್ವ ಫಕ್ಕೀರವ್ವ, ಫೋನು ಹಚ್ಚಿ ಅಳುತ್ತಾಳೆ, ಸುರೇಖಾ ನೀ ಕಲತಾಕಿ, ದೊಡ್ಡ ಕೋರ್ಟಿನ್ಯಾಗೂ ಮುಗೀತಂತ, ಇನ್ನ ರಾಷ್ಟ್ರಪತಿನ ಗತಿ, ಒಡಹುಟ್ಟಿದಾಕಿ ನೀನ ಸಹಿ ಹಾಕಲಿಲ್ಲ ಅಂದ್ರ ಯಾರ ಹಾಕ್ತಾರ — ಕ್ಷಮಾದಾನದ ಅರ್ಜಿ ಮೂರು ದಿನದಿಂದ ಈ ಚೀಲದಲ್ಲಿದೆ, ಊಟದ ಡಬ್ಬಿಯ ಕೆಳಗೆ, ಒಂದು ಮೂಲೆಗೆ ಸಾರಿನ ಕಲೆ, ನಾಳೆ ವಕೀಲರ ಕೈಗೆ ಕೊಡಬೇಕು. ತಪ್ಪು ಮಾಡ್ಯಾನವ್ವ, ನಾ ಇಲ್ಲ ಅನ್ನಂಗಿಲ್ಲ, ಆದ್ರ ಅವಗ ಹಗ್ಗ ಹಾಕಿದ್ರ ಕೂಸು ಎದ್ದು ಬರತೈತೇನು? ಬರುವುದಿಲ್ಲ ಅವ್ವ. ನಾನು ಸಹಿ ಹಾಕಿದರೂ ಬರುವುದಿಲ್ಲ.

ಪಕ್ಕದ ನಿರ್ಣಾಯಕ ಪರಮೇಶಪ್ಪ, ನಿವೃತ್ತ ವಕೀಲರು, ನನ್ನತ್ತ ಬಾಗುತ್ತಾರೆ, ಮೇಡಮ್ಮಾರ, ಹುಡುಗ ಭಾರಿ ಮಾತಾಡಿದ ನೋಡ್ರಿ, ನೀವು ಯಾರ ಕಡೆ ಅದೀರಿ? ಯಾರ ಕಡೆ! ಕುರ್ಚಿ ಎತ್ತಿ ಎಸೆಯಬೇಕೆನ್ನಿಸುತ್ತದೆ, ಪರ ಐದು ನಿಮಿಷ, ವಿರೋಧ ಐದು ನಿಮಿಷ, ಗಂಟೆ ಹೊಡೆದರೆ ಮುಗಿಯಿತು, ಕೊಂದವನನ್ನು ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು, ಸಾಯುವ ಮುಂಚೆ ಅವಳು ಯಾರ ಬಾಗಿಲು ಬಡಿದಳೆಂದು ಒಬ್ಬರೂ ಕೇಳುವುದಿಲ್ಲ, ಆ ವಿಷಯಕ್ಕೆ ಸ್ಪರ್ಧೆಯಿಲ್ಲ, ಢಾಲಿಲ್ಲ, ಕೋರ್ಟೂ ಕೇಳಲಿಲ್ಲ. ನನ್ನ ಬಾಗಿಲು. ಅರುಣಾ ನನ್ನ ವಿದ್ಯಾರ್ಥಿನಿ, ತಮ್ಮನಿಗೆಂದು ನಾನೇ ನೋಡಿ ತಂದವಳು, ಆಗ ನಾನು ಬ್ಯಾಡಗಿಯಲ್ಲಿದ್ದೆ, ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು ನಿಂತಳು, ಅಕ್ಕಾರ, ನಂಗ ಅಂಜಿಕಿ ಬರಾಕತ್ತೈತ್ರಿ, ಅವ್ರು ಕೊಡ್ಲಿ ಮಗ್ಗಲಿಗೆ ಇಟ್ಕೊಂಡು ಮಲಗತಾರ್ರಿ, ನಾಕ್ ದಿನ ಇಲ್ಲೇ ಇರ್ತೇನ್ರಿ — ನಾನು ನಕ್ಕೆ, ಹೌದು, ನಕ್ಕೆ, ಹುಚ್ಚಿ, ಅವಂದು ಬಾಯಿ ಅಷ್ಟ ಜೋರು, ಮಂದಿ ಏನಂತಾರ, ಹೊಂದ್ಕೊಂಡು ಹೋಗು ಎಂದೆ, ಚಹಾ ಕುಡಿಸಿ ನಿಲ್ದಾಣಕ್ಕೆ ಕರೆದುಕೊಂಡು ಹೋದೆ, ಮೆಣಸಿನಕಾಯಿ ಮಾರುಕಟ್ಟೆಯ ದಿನ, ಮೇಡ್ಲೇರಿಗೆ ಮರಳಲು ಹಿಡಿಯಬೇಕಾದ ರಾಣೇಬೆನ್ನೂರು ಬಸ್ಸಿಗೆ ಜನವೋ ಜನ, ಮುಂದಿನ ಬಸ್ಸಿಗೆ ಹೋಗ್ತೇನ್ರಿ ಅಕ್ಕಾರ ಎಂದಳು, ಮೂರು ಸಲ ಎಂದಳು, ನಾನೇ ಓಡಿದೆ, ಇನ್ನೂ ನಿಲ್ಲದ ಬಸ್ಸಿನ ಕಿಟಕಿಯೊಳಗೆ ಕೈಹಾಕಿ ನನ್ನ ಕರವಸ್ತ್ರ ಎಸೆದು ಸೀಟು ಹಿಡಿದೆ, ನೋಡು, ಕಿಟಕಿ ಕಡೀದ ಸಿಕ್ತು ಅಂತ ಹೆಮ್ಮೆ ಬೇರೆ — ಪೆನ್ನು ಕೈಯಲ್ಲಿದೆ, ಅಂಕದ ಹಾಳೆ ಮುಂದಿದೆ, ಅರ್ಜಿ ಚೀಲದಲ್ಲಿದೆ, ಯಾವುದರ ಮೇಲೂ ಕೈ ಓಡುತ್ತಿಲ್ಲ, ಸೀಟಿನ ಮೇಲೆ ಕರವಸ್ತ್ರ, ನೀಲಿ ಅಂಚಿನದು, ಬೇರೆ ಯಾರೂ ಕೂರಬಾರದೆಂದು, ಅವಳೇ ಕೂರಬೇಕೆಂದು, ನಾನೇ ಎಸೆದ ಕರವಸ್ತ್ರ, ಸೀಟಿನ ಮೇಲೆ —